ಗುರುವಯ್ಯನ ಸ್ವಂತ ಟ್ರಿಪ್ಪು

ಗುರುವಯ್ಯನಿಗೆ ಗಾಡಿ ಓಡಿಸಲು ಬರುತ್ತದಾ ಎಂದು ಯಾರಾದರೂ ಕೇಳಿದ್ದರೆ ನಮ್ಮ ಹ್ಯಾಂಡ್‌ಪೋಸ್ಟಿನ ನಾಯಿಗಳೂ ನಗುತ್ತಿದ್ದವು. ಮೀಸೆ ಮೂಡುವ ವಯಸ್ಸಿನಲ್ಲಿ ಎಸ್ಟೇಟಿನ ಜೀಪು ಹಿಡಿದವನು, ಮೀಸೆ ಪೂರ್ತಿ ಬೆಳ್ಳಗಾದ ಮೇಲೆ ಬಿಟ್ಟವನು. ಆದರೆ ತನಗೆ ಬೇಕೆಂದು, ತನಗಿಷ್ಟ ಬಂದ ಕಡೆಗೆ, ತನ್ನವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಗಾಡಿ ಓಡಿಸಿದ್ದು ಇಡೀ ಬದುಕಿನಲ್ಲಿ ಒಂದೇ ಸಲ. ಆ ಒಂದು ಸಲಕ್ಕೆ ವರ್ಷಕ್ಕಿಂತ ಹೆಚ್ಚು ತಯಾರಿ ಮಾಡಿದ. ಅದರ ಕತೆ ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ, ಅದು ದಿನಕ್ಕೊಬ್ಬರ ಮೇಲೆ ಬರುತ್ತದೆ.

ನಾನು ದೇವೇಂದ್ರ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಗುರುವಯ್ಯ ನನಗಿಂತ ದೊಡ್ಡವನು, ಆದರೂ ನಮ್ಮದು ಏಕವಚನದ ಸ್ನೇಹ. ಅವನು ಮಲ್ಲಿಕಾರ್ಜುನ ಸಾಹುಕಾರ್ರ ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದ. ಅವನ ಹೆಂಡತಿ ಜವರಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸಕ್ಕಿದ್ದಳು. ಒಬ್ಬಳೇ ಮಗಳು ಮೋನಿಕಾ ಮದುವೆಯಾಗಿ ಸಂಸೆಯಲ್ಲಿದ್ದಾಳೆ. ಸಂಸೆಗೆ ಹೋಗಿ ಬರುವುದು, ಮೂಡಿಗೆರೆ ಸಂತೆಗೆ ಹೋಗಿ ಬರುವುದು, ಇದಿಷ್ಟೇ ಜವರಮ್ಮ ಕಂಡ ಪ್ರಪಂಚ. ಅದೂ ಬಸ್ಸಿನಲ್ಲಿ.

ಎಸ್ಟೇಟಿನ ಮೇಲಿನ ತಾಕಿನಲ್ಲಿ ನಿಂತರೆ ದೂರಕ್ಕೆ ನೀಲಿಯಾಗಿ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. ಜವರಮ್ಮ ಕೊಯ್ಲಿನಲ್ಲಿ ಬೆನ್ನು ನೇರ ಮಾಡಲು ಎದ್ದಾಗಲೆಲ್ಲ ಅದನ್ನು ನೋಡುತ್ತಿದ್ದಳು. ಗಂಡ ಮಾತ್ರ ಸಾಹುಕಾರ್ರ ನೆಂಟರನ್ನು, ಅವರ ಮಕ್ಕಳ ಸ್ನೇಹಿತರನ್ನು ಕೂರಿಸಿಕೊಂಡು ವಾರಕ್ಕೊಮ್ಮೆ ಆ ಕಡೆ ಹೋಗುತ್ತಿದ್ದ. ಸಂಜೆ ಅವನು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಇವಳು ಜಗಲಿಯ ಮೇಲೆ ಕೂತಾಗಿರುತ್ತಿತ್ತು. "ಇವತ್ತು ಎಲ್ಲಿಗೆ ಹೋಗಿದ್ರಿ, ಹೇಳಿ" ಎನ್ನುವಳು. ಅವನು ಶುರು ಮಾಡುವನು. ಎಷ್ಟೋ ಸಲ ನಾನೂ ಕೂತು ಕೇಳಿದ್ದೇನೆ. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಗಾಡಿ ಓಡಿಸುತ್ತಿದ್ದ ಮನುಷ್ಯ ಜಗಲಿಯಲ್ಲಿ ಬೇರೆಯವನೇ ಆಗುತ್ತಿದ್ದ.

ಅವನು ಹೇಳುತ್ತಿದ್ದುದರಲ್ಲಿ ಅವಳಿಗೆ ಪ್ರಾಣವಾಗಿದ್ದುದು ಕರಿಕಲ್ಲುಗುಡ್ಡದ ಕತೆ. ಅತ್ತಿಗುಂಡಿ ದಾಟಿ, ಟಾರು ಮುಗಿದ ಮೇಲೆ ಜೀಪುಗಳು ಮಾತ್ರ ಹತ್ತುವ ಒಂದು ಕೊರಕಲು ದಾರಿಯಿದೆ. ಅದರ ಕೊನೆಯಲ್ಲಿ ಆ ಗುಡ್ಡ. ಒಂದು ಸಲ ಸಾಹುಕಾರ್ರ ನೆಂಟರ ಜೊತೆ ಕಲ್ಲು ಮಣ್ಣಿನ ವಿಷಯ ಓದಿದ ಪ್ರೊಫೆಸರೊಬ್ಬರು ಬಂದಿದ್ದರಂತೆ. ಈ ಕರೀ ಬಂಡೆಯೆಲ್ಲ ಎಷ್ಟೋ ಕಾಲದ ಹಿಂದೆ ನೆಲದೊಳಗಿಂದ ಉಕ್ಕಿ ಹರಿದ ಬೆಂಕಿ, ತಣ್ಣಗಾಗಿ ಕಲ್ಲಾಗಿದೆ ಎಂದು ಅವರು ಹಿಂದಿನ ಸೀಟಿನಲ್ಲಿ ಯಾರಿಗೋ ವಿವರಿಸುತ್ತಿದ್ದುದನ್ನು ಗುರುವಯ್ಯ ಕೇಳಿಸಿಕೊಂಡಿದ್ದ. ಪ್ರೊಫೆಸರು ಹೇಳಿದ್ದು ಅಷ್ಟೇ. ಅದು ಜಗಲಿಗೆ ಬರುವ ಹೊತ್ತಿಗೆ ಗುಡ್ಡದ ತುದಿಯಲ್ಲಿ ಹಂಡೆಯ ಬಾಯಿಯಷ್ಟು ದೊಡ್ಡ ಸೀಳು ಹುಟ್ಟಿಕೊಂಡಿತ್ತು. ಬೆಂಕಿ ಬಂದದ್ದು ಅಲ್ಲಿಂದಲೇ. ಅದರ ಸುತ್ತ ಹುಲ್ಲು ಹುಟ್ಟುವುದಿಲ್ಲ. ಚಳಿಗಾಲದ ಬೆಳಿಗ್ಗೆ ಸಣ್ಣಗೆ ಹಬೆ ಏಳುತ್ತದೆ. ಅಂಚಿನ ಮೇಲೆ ಅಂಗೈ ಇಟ್ಟರೆ ಇವತ್ತಿಗೂ, ಈಗಷ್ಟೇ ಅನ್ನ ಬಸಿದ ಪಾತ್ರೆ ಮುಟ್ಟಿದ ಹಾಗೆ, ಬೆಚ್ಚಗಿರುತ್ತದೆ. ಅದಕ್ಕೆ ಬೆಂಕಿಬಾಯಿ ಎಂದು ಹೆಸರು.

"ಒಂದ್ಸಲ ಕೈ ಇಟ್ಟು ನೋಡ್ಬೇಕು ನಾನು" ಎಂದು ಜವರಮ್ಮ ಅಂಗೈಯನ್ನು ಮುಂದೆ ಹಿಡಿದು ಹೇಳುವಳು, ಅಲ್ಲೇ ಕಾಯಿಸಿಕೊಳ್ಳುವವಳ ಹಾಗೆ.

"ನೋಡಿದ್ರಾಯ್ತು ಬಿಡೆ" ಎಂದು ಅವನು ಹೇಳುವನು.

ಗುರುವಯ್ಯನ ಕೆಲಸದ ಕೊನೆಯ ವರ್ಷ ಜವರಮ್ಮ ಬಾಗಿಲಿಗೆ ಹಣೆ ಹೊಡೆದುಕೊಳ್ಳಲು ಶುರು ಮಾಡಿದಳು. ಹಣ್ಣು ಕೊಯ್ಯುವಾಗ ಪಕ್ಕದ ಗೆಲ್ಲು ಬಿಟ್ಟುಹೋಗುತ್ತಿತ್ತು, ಮೇಸ್ತ್ರಿ ಬೈಯುತ್ತಿದ್ದ. ವಯಸ್ಸಾಯಿತು, ಪೊರೆ ಬಂದಿರಬೇಕು ಎಂದು ಎಲ್ಲರೂ ಹೇಳಿದೆವು. ಚಿಕ್ಕಮಗಳೂರಿನಲ್ಲಿ ಕಣ್ಣಿನ ಡಾಕ್ಟರು ನೋಡಿ, ಪೊರೆಯಲ್ಲ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದಿರುವುದನ್ನು ಡ್ರಾಪ್ಸ್ ಹಾಕಿ ಆದಷ್ಟು ದಿನ ಉಳಿಸಿಕೊಳ್ಳಬಹುದು, ಬಹಳ ತಡವಾಗಿ ಬಂದಿದ್ದೀರಿ ಎಂದೂ ಹೇಳಿದರು. ಆಗಲೇ ಅವಳಿಗೆ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಗಂಡನನ್ನು ಕೇಳಿದ್ದು ಒಂದೇ. "ಪೂರ್ತಿ ಹೋಗೋದ್ರೊಳಗೆ ಬೆಂಕಿಬಾಯಿ ತೋರಿಸ್ತೀರಾ?"

ತೋರಿಸ್ತೀನಿ ಎಂದ. ಬಸ್ಸಿಳಿದು ನನ್ನ ಅಂಗಡಿಗೆ ಬಂದು ಟೈರಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟ.

ಆ ಮಳೆಗಾಲ ಮುಗಿಯುವಾಗ ಅವನು ರಿಟೈರ್ ಆದ. ಸಾಹುಕಾರ್ರು ಬಂಗಲೆಯ ಮುಂದೆ ಆಳುಗಳನ್ನೆಲ್ಲ ಸೇರಿಸಿ ಶಾಲು ಹೊದಿಸಿದರು. ಶೆಡ್ಡಿನಲ್ಲಿ ಮೂಲೆಗುಂಪಾಗಿದ್ದ ಹಳೆಯ ಜೀಪಿನ ಕೀ ತಂದು ಅವನ ಕೈಯಲ್ಲಿಟ್ಟು, "ಇನ್ನು ಇದು ನಿಂದೇ ಗುರುವಯ್ಯ. ಜವರಮ್ಮನ್ನ ಕೂರಿಸ್ಕೊಂಡು ಎಲ್ಲಿ ಬೇಕೋ ಅಲ್ಲಿ ಸುತ್ತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಳ್ಳೆಯ ಮನುಷ್ಯರೇ, ಅದರಲ್ಲಿ ಸುಳ್ಳಿಲ್ಲ.

ಅಲ್ಲಿಂದ ತಯಾರಿ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಒಂದೊಂದು ಹೊಸ ವಿಷಯ ತೆಗೆಯುವನು. ಆಲ್ದೂರು ದಾಟಿ ಒಂದು ಕಡೆ ಇಂಜಿನ್ ತಣ್ಣಗೆ ಮಾಡಬೇಕು. ಕೈಮರದ ಆಚೆಯ ತಿರುವುಗಳಲ್ಲಿ ಅವಳಿಗೆ ವಾಂತಿ ಬರಬಹುದು, ನಿಂಬೆಹಣ್ಣು ಇಟ್ಟುಕೊಳ್ಳಬೇಕು. ಬಿಸಿನೀರಿಗೆ ಫ್ಲಾಸ್ಕ್, ಕಂಬಳಿ, ಕೊಡೆ. ಅತ್ತಿಗುಂಡಿಯಲ್ಲಿ ಟೀ. ಬೆಳಕು ಹರಿಯುವಾಗಲೇ ಹೊರಟರೆ ಮಂಜು ಮೇಲೇರುವಷ್ಟರಲ್ಲಿ ಗುಡ್ಡದ ಬುಡದಲ್ಲಿರಬಹುದು.

"ಎಂತದು ಮಾರಾಯ, ನಿನ್ನ ಹೆಂಡ್ತಿನ ಕರ್ಕೊಂಡು ಹೋಗ್ತಿದೀಯೋ, ಸಾಹುಕಾರ್ರ ಅಮ್ಮಾವ್ರನ್ನೋ?" ಎಂದು ರೇಗಿಸಿದೆ.

"ಗುಂಡಿ ಬಂದ್ರೆ ಇಬ್ರಿಗೂ ಕುತ್ತಿಗೆ ನೋಯೋದು ಒಂದೇ ಥರ ಅಲ್ವಾ" ಎಂದು ನಕ್ಕ. ಅವನು ಹಾಗೆ ನಕ್ಕದ್ದನ್ನು ಆಮೇಲೆ ನಾನು ನೋಡಿಲ್ಲ.

ಇನ್ನೊಂದು ತೊಡಕು ಮುಂದಿನ ಸೀಟಿನದು. ಆಳು ಮಕ್ಕಳೆಲ್ಲ ಜೀಪಿನ ಹಿಂದೆ ಹತ್ತಿ ಅಭ್ಯಾಸ. ಮುಂದಿನ ಎಡಗಡೆ ಸೀಟು ಸಾಹುಕಾರ್ರದು. ಗಾಡಿ ಖಾಲಿ ಹೋಗುತ್ತಿದ್ದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಜವರಮ್ಮ ಎಷ್ಟು ಹೇಳಿದರೂ ಹಿಂದೆಯೇ ಹತ್ತುತ್ತೇನೆಂದು ಹಟ ಹಿಡಿದಳು. ಕೊನೆಗೆ ಗುರುವಯ್ಯ ಸಂಜೆ ಹೊತ್ತು ಅಂಗಳದಲ್ಲಿ ನಿಂತಿದ್ದ ಜೀಪಿನಲ್ಲೇ ಅವಳನ್ನು ಮುಂದೆ ಕೂರಿಸಿ ಅಭ್ಯಾಸ ಮಾಡಿಸಿದ. ಮೊದಲ ದಿನ ಅವಳು ಸೀಟಿನ ತುದಿಯಲ್ಲಿ, ಬೇರೆಯವರ ಮನೆಗೆ ಹೋದವಳಂತೆ ಕೂತಿದ್ದಳು. ಆಮೇಲೆ ರೂಢಿಯಾಯಿತು. ಜಗಲಿಯ ಮಾತುಕತೆ ಜೀಪಿಗೇ ಬಂತು. ಅವನು ಸ್ಟೇರಿಂಗ್ ಹಿಡಿದು ಬೆಂಕಿಬಾಯಿಯ ಕತೆ ಹೇಳುವುದು, ಅವಳು ಗಾಜಿನಾಚೆ ಕಣ್ಣು ಕಿರಿದು ಮಾಡಿಕೊಂಡು ಕೇಳುವುದು. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಒಂದು ದಿನ ಟೈರಿಗೆ ಗಾಳಿ ಹಾಕುತ್ತ ಸುಮ್ಮನೆ ಕೇಳಿದೆ. "ಜೀಪಿಂದ ಇಳಿದು ಬೆಂಕಿಬಾಯಿಗೆ ಎಷ್ಟು ನಡೀಬೇಕು? ಅವಳ ಕೈಲಿ ಆಗ್ತದಾ?"

ಗುರುವಯ್ಯ ಬಗ್ಗಿ ಚಕ್ರದ ನಟ್ಟು ತಿರುಗಿಸಿ ನೋಡಿದ. ನಾನು ಮತ್ತೊಮ್ಮೆ ಕೇಳಿದೆ.

"ನಾನು ಮೇಲೆ ಹೋಗಿಲ್ಲ ಮಾರಾಯ" ಎಂದ.

ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಕೆಲಸಕ್ಕೆ ಸೇರಿದ ದಿನ ದೊಡ್ಡ ಸಾಹುಕಾರ್ರು, ಎಂದರೆ ಈಗಿನವರ ತಂದೆ, ಒಂದೇ ಮಾತು ಹೇಳಿದ್ದರಂತೆ. ಗಾಡಿ ಬಿಟ್ಟು ಕದಲಬಾರದು. ಒಳಗೆ ಸಾಮಾನಿರುತ್ತದೆ, ಮಕ್ಕಳು ಅರ್ಧದಲ್ಲೇ ವಾಪಸ್ ಬರುತ್ತಾರೆ, ಹೆಂಗಸರಿಗೆ ಸುಸ್ತಾಗುತ್ತದೆ. ಬಂದಾಗ ಡ್ರೈವರ್ ಅಲ್ಲಿರಬೇಕು. ಹೀಗಾಗಿ ಅಷ್ಟೂ ವರ್ಷ, ಕರಿಕಲ್ಲುಗುಡ್ಡವಾಗಲಿ, ಗಿರಿಯಾಗಲಿ, ಅವನು ಚಕ್ರಕ್ಕೆ ಕಲ್ಲು ಕೊಟ್ಟು ಜೀಪಿನ ಪಕ್ಕದಲ್ಲಿ ಗಾಜು ಒರೆಸುತ್ತ ನಿಂತುಬಿಡುತ್ತಿದ್ದ. ದಾರಿಯ ಪ್ರತಿ ಗುಂಡಿ ಗೊತ್ತು. ಗುಂಡಿಯ ಆಚೆಗೆ ಏನಿದೆಯೆಂದು ಗೊತ್ತಿಲ್ಲ. ಇಳಿದು ಬಂದವರು ಆಡಿದ ಮಾತು ಕೇಳಿಸಿಕೊಂಡು, ಉಳಿದದ್ದನ್ನು ಮನೆಗೆ ಬರುವ ದಾರಿಯಲ್ಲಿ ತಾನೇ ಕಟ್ಟುತ್ತಿದ್ದ.

"ಅಲ್ಲ ಮಾರಾಯ, ಹಾಗಾದ್ರೆ ಬೆಂಕಿಬಾಯಿ?"

"ಇದ್ರೂ ಇರಬಹುದು" ಎಂದ, ಮುಖ ತಗ್ಗಿಸಿ.

ನನಗೆ ತಲೆ ಕೆಟ್ಟುಹೋಯಿತು. "ಅವಳಿಗೆ ಹೇಳಿಬಿಡು" ಎಂದೆ. ಹೇಗೆ ಹೇಳೋದು, ಅವಳು ಇಷ್ಟು ವರ್ಷದಲ್ಲಿ ಕೇಳಿರೋದೇ ಅದೊಂದನ್ನ ಎಂದ. "ಸರಿ, ಹಾಗಾದ್ರೆ ನೀನೊಬ್ಬನೇ ಮೊದಲು ಹೋಗಿ ನೋಡ್ಕೊಂಡು ಬಾ. ಅಂಥದ್ದೊಂದು ಸೀಳು ಗೀಳು ಸಿಕ್ಕಿದ್ರೆ ಗುರುತು ಇಟ್ಕೊಂಡು ಬಾ" ಎಂದೆ. ಆ ಉಪಾಯ ಅವನಿಗೆ ಹಿಡಿಸಿತು.

ಹೊರಡುವುದೆಂದು ನವೆಂಬರಿನಲ್ಲೊಂದು ಭಾನುವಾರ ಗೊತ್ತು ಮಾಡಿದ್ದರು. ಹಿಂದಿನ ಸಂಜೆ ಸಾಹುಕಾರ್ರ ಮಗಳು ದಿವ್ಯಾ ಅವರ ಫೋನು ಬಂತು. ಎಸ್ಟೇಟಿನ ಹಳೇ ಬಂಗಲೆಯನ್ನು ಹೋಮ್‌ಸ್ಟೇ ಮಾಡಿ ನಡೆಸುತ್ತಿರುವವರು ಅವರೇ. "ಗುರುವಯ್ಯಣ್ಣ, ಗೆಸ್ಟ್ ಬಂದಿದಾರೆ. ಹೊಸ ಹುಡುಗಂಗೆ ಗುಡ್ಡದ ದಾರಿ ಬರಲ್ಲ. ಇದೊಂದೇ ಟ್ರಿಪ್, ಪ್ಲೀಸ್" ಎಂದರು. ಇವನು "ಆಯ್ತಮ್ಮ" ಎಂದ. ಜವರಮ್ಮ ಹುರಿದಿಟ್ಟಿದ್ದ ಕಡಲೆಯನ್ನು ಡಬ್ಬಿಗೆ ತುಂಬಿಟ್ಟಳು. ಮರುದಿನ ಅವನು ಯಾರನ್ನೋ ಕೂರಿಸಿಕೊಂಡು ಕರಿಕಲ್ಲುಗುಡ್ಡಕ್ಕೇ ಹೋಗಿ ಬಂದ.

"ಮೇಲೆ ಹೋಗಿ ನೋಡಿದ್ಯಾ?" ಎಂದು ಕೇಳಿದೆ.

"ಇಲ್ಲ. ಅವರ ಕ್ಯಾಮೆರಾ ಬ್ಯಾಗು ಗಾಡಿಯಲ್ಲೇ ಇತ್ತು."

ಕೊಯ್ಲು ಬಂತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಆಳು ಸಾಗಿಸಲು, ಒಣಗಿದ ಕಾಫಿಬೀಜದ ಪಾರ್ಚ್‌ಮೆಂಟ್ ಮೂಟೆ ಕ್ಯೂರಿಂಗ್ ಕಾರ್ಖಾನೆಗೆ ಹೊರಡುವಾಗ ಜೊತೆಗಿರಲು, ಎಲ್ಲಕ್ಕೂ ಗುರುವಯ್ಯನೇ ಬೇಕು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದಾಗ ಅದನ್ನು ನೋಡಲು ಬೆಂಗಳೂರಿನವರು ಬಂದರು. ಬೇಸಿಗೆ ರಜಕ್ಕೆ ಇನ್ನಷ್ಟು ಜನ. ಆಮೇಲೆ ಮಳೆ ಹಿಡಿಯಿತು, ಗುಡ್ಡದ ದಾರಿ ಕುಸಿದು ಮುಚ್ಚಿತು. ಪ್ರತಿ ಸಲವೂ ಜವರಮ್ಮನ ಟ್ರಿಪ್ಪಿಗೆ ಇನ್ನೊಂದು ದಿನ ಗೊತ್ತಾಗುತ್ತಿತ್ತು, ಪ್ರತಿ ಸಲವೂ ಫೋನು ಬರುತ್ತಿತ್ತು. ಗುಡ್ಡಕ್ಕೆ ಹೋಗಿ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಅವನು ಇವತ್ತೂ ಆಗಲಿಲ್ಲ ಎನ್ನುತ್ತಿದ್ದ. ಒಂದು ಸಲವಂತೂ ಹತ್ತು ಹೆಜ್ಜೆ ಮೇಲೆ ಹೋಗಿ, ಗಾಡಿ ಕಡೆಯಿಂದ ಯಾರೋ ಕೂಗಿದ ಹಾಗಾಗಿ ಓಡಿಬಂದನಂತೆ. ಯಾರೂ ಕೂಗಿರಲಿಲ್ಲ.

"ನೀನು ರಿಟೈರ್ ಆದೋನು ಕಣೋ! ಆಗಲ್ಲ ಅನ್ನೋಕೆ ಎಂತ ದಾಡಿ?" ಎಂದು ಬೈದೆ.

"ಗಾಡಿ ಕೊಟ್ಟಿದಾರಲ್ಲ ದೇವೇಂದ್ರ. ಅವರು ಕೊಟ್ಟ ಗಾಡೀಲಿ ಕೂತ್ಕೊಂಡು ಅವರಿಗೇ ಆಗಲ್ಲ ಅಂತ ಹೇಗೆ ಹೇಳೋದು?"

"ಗಾಡಿ ಅಲ್ಲ, ಕುತ್ತಿಗೆಗೆ ಹಗ್ಗ ಕೊಟ್ಟಿದಾರೆ" ಎಂದೆ. ಅವನಿಗೆ ಬೇಜಾರಾಯಿತು. ಎರಡು ದಿನ ಅಂಗಡಿ ಕಡೆ ಬರಲಿಲ್ಲ.

ದೀಪಾವಳಿಯದು ಎಲ್ಲಕ್ಕಿಂತ ಕೆಟ್ಟದ್ದು. ಹಬ್ಬದ ಮರುದಿನ ಹೋಗುವುದೆಂದು ಖಂಡಿತವಾಗಿತ್ತು. ಜವರಮ್ಮ ಹೊಸ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು, ನಸುಕಿನಲ್ಲೇ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಆಗ ಫೋನು ಬಂತು. ಅವಳು ಇಳಿದು ಒಳಗೆ ಹೋದಳು. ಸಂಜೆ ನಾನು ಆ ಕಡೆ ಹೋದಾಗ ಅಡಿಗೆಮನೆಯಲ್ಲಿ ಕತ್ತಲಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದೀಪ ಹಾಕಿರಲಿಲ್ಲ. ಕೋಪಕ್ಕೆ ಹೀಗೆ ಕೂತಿದ್ದಾಳೆ ಎಂದುಕೊಂಡು ನಾನೇ ಸ್ವಿಚ್ಚು ಹಾಕಿ ಬಂದೆ.

ಅವತ್ತು ಗುರುವಯ್ಯನಿಗೆ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವನು ಕೇಳಿಸಿಕೊಂಡ. ಕೊಯ್ಲಿನ ನಡುವೆಯೇ, ಜನವರಿಯಲ್ಲೊಂದು ದಿನ ಗೊತ್ತು ಮಾಡಿದೆವು. ಈ ಸಲ ನಾನೂ ಜೊತೆಗೆ ಹೋಗುವುದೆಂದಾಯಿತು, ದಾರಿಯಲ್ಲಿ ಟೈರು ಕೈಕೊಟ್ಟರೆ ಎಂಬ ನೆಪದಲ್ಲಿ. ಹಿಂದಿನ ಸಂಜೆ ಅವನ ಮೊಬೈಲು ಇಸಿದುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. ಅಂದುಕೊಂಡ ಹಾಗೇ ಅದು ಹೊಡೆದುಕೊಂಡಿತು. "ಗುರುವಯ್ಯ ಊರಲ್ಲಿಲ್ಲ ಅಮ್ಮಾವ್ರೆ" ಎಂದು ಹೇಳಿ ಆಫ್ ಮಾಡಿದೆ. ಅಷ್ಟು ಸುಲಭದ ಕೆಲಸ ಅದು.

ಹೀಗೆ ಹೊರಟೆವು. ಜವರಮ್ಮ ಮುಂದೆ, ನಾನು ಹಿಂದೆ. ಅವಳು ಹಸಿರು ಸೀರೆಯುಟ್ಟು ತಲೆಗೆ ಉಲ್ಲನ್ ಸ್ಕಾರ್ಫ್ ಕಟ್ಟಿದ್ದಳು. ಗುರುವಯ್ಯ ಅಭ್ಯಾಸಬಲದಿಂದ ಪ್ರತಿ ತಿರುವಿಗೂ ಹಾರನ್ ಹೊಡೆಯುತ್ತಿದ್ದ, ಉಬ್ಬು ಬಂದರೆ "ಮೆಲ್ಲಗೆ ಅಮ್ಮಾವ್ರೆ" ಎಂದು ಹೇಳಿಬಿಡುತ್ತಿದ್ದ. ಹೇಳಿ ನಾಲಗೆ ಕಚ್ಚಿಕೊಳ್ಳುತ್ತಿದ್ದ. ಜವರಮ್ಮ ನಕ್ಕಳು. ಗಾಡಿ ಏರುತ್ತ ಹೋದ ಹಾಗೆ ಕಾಫಿ ತೋಟ ಮುಗಿದು, ಹುಲ್ಲಿನ ಬೋಳು ಗುಡ್ಡಗಳು ಬಂದವು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಂಜಿನ ಸುಳಿವಿರಲಿಲ್ಲ. ಇಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು ಎಂದು ಗುರುವಯ್ಯ ಮತ್ತೆ ಮತ್ತೆ ಹೇಳಿದ.

ಅತ್ತಿಗುಂಡಿಯಲ್ಲಿ ಟೀ ಕುಡಿಯಲು ನಿಲ್ಲಿಸಿದ. ಅವನು ರೇಡಿಯೇಟರಿಗೆ ನೀರು ತರಲು ಹೋದಾಗ ನಾನು ಜವರಮ್ಮನ ಮುಂದೆ ಲೋಟ ಹಿಡಿದೆ. ಅವಳ ಕೈ ಲೋಟದ ಪಕ್ಕದಲ್ಲಿ ಹಾದು ಗಾಳಿಯಲ್ಲಿ ನಿಂತಿತು. ಮತ್ತೆ ತಡಕಾಡಿತು. ನಾನು ಲೋಟವನ್ನು ಅವಳ ಬೆರಳಿಗೆ ತಾಗಿಸಿದೆ.

"ಜವರಮ್ಮ, ನಿಂಗೆ ಎಷ್ಟು ಕಾಣ್ತದೆ ಈಗ?"

"ಬೆಳಕು ಇದೆಯೋ ಇಲ್ವೋ ಅನ್ನೋದು ಗೊತ್ತಾಗ್ತದೆ" ಎಂದಳು, ಅಡಿಗೆಗೆ ಉಪ್ಪು ಸಾಲದು ಎನ್ನುವಷ್ಟು ಸಹಜವಾಗಿ. "ಮನೆ ಒಳಗೆ ಅಭ್ಯಾಸ ಇದೆಯಲ್ಲ, ಅವರಿಗೆ ಗೊತ್ತಾಗಿಲ್ಲ. ಹೇಳಬೇಡ ದೇವೇಂದ್ರಣ್ಣ. ಗೊತ್ತಾದ್ರೆ ಅವರು ಇಲ್ಲಿಂದಲೇ ಗಾಡಿ ತಿರುಗಿಸ್ತಾರೆ. ಇಷ್ಟು ದೂರ ಬಂದಿದೀನಿ, ಬೆಂಕಿಬಾಯಿ ಮುಟ್ಟಿಯಾದ್ರೂ ಬರ್ತೀನಿ. ಅದಕ್ಕೆ ಕಣ್ಣು ಬೇಡವಲ್ಲ."

ಇವಳ ಗುಟ್ಟು ಅವನಿಗೆ ಗೊತ್ತಿಲ್ಲ, ಅವನ ಗುಟ್ಟು ಇವಳಿಗೆ ಗೊತ್ತಿಲ್ಲ, ನಡುವೆ ಎರಡನ್ನೂ ಹೊತ್ತುಕೊಂಡು ನಾನು. ಉಳಿದ ಟೀ ಚೆಲ್ಲಿ ಲೋಟ ವಾಪಸ್ ಕೊಟ್ಟೆ.

ಕೊರಕಲು ದಾರಿಯಲ್ಲಿ ಗುರುವಯ್ಯ ಗಾಡಿ ಹತ್ತಿಸಿದ ರೀತಿಯನ್ನು ಮೆಚ್ಚಲೇಬೇಕು. ಕಪ್ಪು ಬಂಡೆಗಳ ನಡುವೆ, ಒಂದು ಚಕ್ರ ಮೇಲೆ ಒಂದು ಕೆಳಗೆ, ಆದರೂ ಜವರಮ್ಮನ ಮಡಿಲಲ್ಲಿದ್ದ ರೊಟ್ಟಿ ಡಬ್ಬಿ ಜಾರಲಿಲ್ಲ. ಅಕ್ಕಿರೊಟ್ಟಿಯ ಮೇಲೆ ಗುಳ್ಳೆ ಎದ್ದ ಹಾಗೆ ಆ ಬಂಡೆಗಳ ಮೈತುಂಬ ಸಣ್ಣ ಸಣ್ಣ ತೂತು. ಪ್ರೊಫೆಸರು ಹೇಳಿದ್ದು ನಿಜವಿರಬೇಕು ಎನ್ನಿಸಿತು. ಕೊನೆಯಲ್ಲೊಂದು ಸಮತಟ್ಟು ಜಾಗ. ಟೂರಿಸ್ಟ್ ಜೀಪುಗಳು ನಿಲ್ಲುವುದು ಅಲ್ಲೇ. ಗುರುವಯ್ಯ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಡ್ಯಾಶ್‌ಬೋರ್ಡಿನಿಂದ ಬಟ್ಟೆ ತೆಗೆದ. ಗಾಜು ಒರೆಸತೊಡಗಿದ.

ಜವರಮ್ಮ ಕೆಳಗಿಳಿದು, ಜೀಪಿನ ಬಾನೆಟ್ಟು ಹಿಡಿದು ಕಾಯುತ್ತ ನಿಂತಳು. ಅವನು ಒರೆಸುತ್ತಲೇ ಇದ್ದ.

"ಗಾಡಿ ಯಾರೂ ಹೊತ್ಕೊಂಡು ಹೋಗಲ್ಲ, ನಡಿ ಮಾರಾಯ" ಎಂದು ಬಟ್ಟೆ ಕಿತ್ತುಕೊಂಡೆ.

ಪಕ್ಕದ ಜೀಪಿನವನು ಅತ್ತಿಗುಂಡಿಯ ಉಮೇಶ್, ಟೂರಿಸ್ಟ್ ಡ್ರೈವರ್. ಒಳ್ಳೆಯ ಹುಡುಗ, ಬಾಯಿ ಮಾತ್ರ ದೊಡ್ಡದು. "ಏನ್ ಗುರುವಯ್ಯಣ್ಣ, ಸೂರ್ಯ ಎಲ್ಲಿ ಹುಟ್ಟಿದಾನೆ ಇವತ್ತು! ನೀವು ಗಾಡಿ ಬಿಟ್ಟು ಮೇಲೆ ಹೋಗೋದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಹೋಗಿ ಬನ್ನಿ, ಗಾಡಿ ನಾನು ನೋಡ್ಕೋತೀನಿ" ಎಂದು ಕೂಗಿದ.

ಗುರುವಯ್ಯ ಕೇಳಿಸದವನಂತೆ ಮುಂದೆ ನಡೆದ. ಜವರಮ್ಮ ಒಂದು ಗಳಿಗೆ ನಿಂತಳು. ಆಮೇಲೆ ಕೈ ಚಾಚಿದಳು. ನಾನು ಹಿಡಿದುಕೊಂಡೆ.

ದಾರಿಯೇನೂ ದೂರವಿರಲಿಲ್ಲ. ಅಷ್ಟು ವರ್ಷ ಅವನು ನಿಂತ ಜಾಗದಿಂದ ಗುಡ್ಡದ ತುದಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ನಡಿಗೆ. ಅವನು ಎರಡು ಸಲ ತಪ್ಪು ಕಾಲುದಾರಿ ಹಿಡಿದು ವಾಪಸ್ ಬಂದ. ಮೇಲೆ ಮುಟ್ಟಿದಾಗ ಮಾತ್ರ ಅಲ್ಲೇ ನಿಂತುಬಿಟ್ಟ. ಅಷ್ಟಗಲಕ್ಕೂ ಕಣಿವೆ, ಒಂದರ ಹಿಂದೊಂದು ಗುಡ್ಡ, ಕೆಳಗೆ ಕಪ್ಪಗೆ ಶೋಲಾ ಕಾಡು, ದೂರದಲ್ಲಿ ಕೆರೆಯ ನೀರಿನ ಹೊಳಪು. ಮುದುಕನಿಗೆ ಎಲ್ಲ ಮರೆತುಹೋಯಿತು.

"ಜವರೀ! ನೋಡೇ, ಅಲ್ಲಿ ನೋಡೇ, ಅಯ್ಯೋ ಹೀಗಿದೆಯೇನೇ ಇದು!" ಎಂದು ಕೈ ಚಾಚಿ ಕೂಗಿದ.

ಜವರಮ್ಮ ತಿರುಗಿದಳು. ಕಣಿವೆಯ ಕಡೆಗಲ್ಲ, ಅವನ ದನಿ ಬಂದ ಕಡೆಗೆ. ಅವಳ ಮುಖ ನಗುತ್ತಿತ್ತು, ಕಣ್ಣು ಅವನ ಭುಜದ ಆಚೆ ಎಲ್ಲೋ ನಿಂತಿತ್ತು. ಅವನು ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದ. ಒಮ್ಮೆ ಅವಳ ಮುಖದ ಮುಂದೆ ಆಡಿಸಿ ನೋಡಿದ.

"ಯಾವಾಗಿಂದ?" ಎಂದ.

"ದೀಪಾವಳಿ ಹೊತ್ತಿಗೇ" ಎಂದಳು. "ಹಬ್ಬದ ಮಾರನೇ ದಿನ ಬೆಳಿಗ್ಗೆ ಜೀಪಲ್ಲಿ ಕೂತಾಗ ನಿಮ್ಮ ಮುಖ ಇಷ್ಟೇ ಇಷ್ಟು ಕಾಣ್ತಿತ್ತು. ಆಮೇಲೆ ಅದೂ ಹೋಯ್ತು."

ಗುರುವಯ್ಯ ಬಂಡೆಯ ಮೇಲೆ ಕೂತ. ನನಗೆ ಅಲ್ಲಿಂದ ಓಡಿಹೋಗೋಣ ಎನ್ನಿಸಿತು. ಪಕ್ಕದಲ್ಲಿ ಯಾರೋ ನಾಲ್ವರು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ಅವರನ್ನೇ ಸುಮ್ಮನೆ ಗದರಿದೆ.

ಅವಳು ತಡವಿಕೊಂಡು ಬಂದು ಅವನ ಪಕ್ಕ ಕೂತಳು. "ಅದಿರಲಿ. ಬೆಂಕಿಬಾಯಿ ಎಲ್ಲಿ? ಬನ್ನಿ, ಕೈ ಇಡಿಸಿ."

ಬಿಸಿಲಿಗೆ ಅಲ್ಲಿನ ಬಂಡೆಗಳೆಲ್ಲ ಬೆಚ್ಚಗಾಗಿದ್ದವು. ಯಾವುದಾದರೂ ಒಂದು ಬಿರುಕಿನ ಮೇಲೆ ಅವಳ ಕೈ ಇಟ್ಟು ಇದೇ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅವನಿಗೆ ಸನ್ನೆ ಮಾಡಿ ತೋರಿಸಿದೆ ಕೂಡ. ಇಷ್ಟು ವರ್ಷ ಸರಾಗವಾಗಿ ಸುಳ್ಳು ಹೇಳಿದ ಮನುಷ್ಯನಿಗೆ ಅವತ್ತು ಒಂದು ಸುಳ್ಳು ಹೊರಡಲಿಲ್ಲ.

"ಇಲ್ಲಿ ಅಂಥದ್ದು ಏನೂ ಇಲ್ಲ ಜವರಿ. ನಾನು ಯಾವತ್ತೂ ಇಲ್ಲಿಗೆ ಬಂದೋನಲ್ಲ."

"ಕೆಳಗೆ ಆ ಜೀಪಿನ ಹುಡುಗ ಹೇಳಿದ್ದು ಕೇಳ್ತು. ಹೋಗಿರೋದು ಕಣ್ಣು ಮಾತ್ರ, ಕಿವಿ ಅಲ್ಲ" ಎಂದಳು. ಕೈ ಇಡಲೆಂದು ಚಾಚಿದ್ದ ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, "ಸರಿ. ಈಗ ಬಂದಿದೀರಲ್ಲ. ಕಂಡಿದ್ದು ಹೇಳಿ" ಎಂದಳು.

ಅವನು ಹೇಳಿದ. ಎದುರಿಗೆ ಒಂದು ಗುಡ್ಡ ಇದೆ. ಅದರ ಹಿಂದೆ ಇನ್ನೊಂದು ಗುಡ್ಡ. ಹುಲ್ಲು ಒಣಗಿದೆ. ಎಡಗಡೆ ಮೊಬೈಲ್ ಟವರು. ಕಲ್ಲು ಕಪ್ಪಗಿದೆ, ತೂತು ತೂತು. ಇಲ್ಲಿ ನೀರಿನ ಬಾಟಲಿ ಬಿಸಾಕಿದಾರೆ. ಒಂದು ಹದ್ದು ಸುತ್ತುತ್ತಿದೆ. ಪ್ರತಿ ಮಾತಿಗೂ ತಡವರಿಸುತ್ತಿದ್ದ, ಪೊಲೀಸರ ಮುಂದೆ ಹೇಳಿಕೆ ಕೊಡುವವನಂತೆ.

ಜವರಮ್ಮ ಕೊನೆಯವರೆಗೂ ಕೇಳಿದಳು. "ಮೊದಲು ಹೇಳ್ತಿದ್ರಲ್ಲ, ಅದು ಚೆನ್ನಾಗಿತ್ತು" ಎಂದಳು.

ತಂದಿದ್ದ ರೊಟ್ಟಿಯನ್ನು ಯಾರೂ ತಿನ್ನಲಿಲ್ಲ. ಇಳಿಯುವಾಗ ಅವಳು ಒಂದು ಕೈ ಅವನಿಗೆ, ಒಂದು ಕೈ ನನಗೆ ಕೊಟ್ಟಿದ್ದಳು. ಮನೆಯವರೆಗೂ ಅವನು ಪ್ರತಿ ತಿರುವಿಗೂ ಹಾರನ್ ಹೊಡೆದ.

ಆ ವಾರವೇ ದಿವ್ಯಾ ಅವರ ಫೋನಿಗೆ ಗುರುವಯ್ಯ, "ಆಗಲ್ಲ ಅಮ್ಮಾವ್ರೆ, ಜವರಿಗೆ ಕಣ್ಣು ಕಾಣಲ್ಲ, ಜೊತೆಗಿರಬೇಕು" ಎಂದ. ಅವರು "ಅಯ್ಯೋ, ಮೊದಲೇ ಹೇಳಬಾರದಿತ್ತಾ ಗುರುವಯ್ಯಣ್ಣ!" ಎಂದು ಮರುಗಿದರಂತೆ. ಆಮೇಲೆ ಅವರು ಫೋನು ಮಾಡಿಲ್ಲ. ಹೊಸ ಹುಡುಗ ದಾರಿ ಕಲಿತಿದ್ದಾನೆ. ಒಂದೇ ಮಾತಿಗೆ ಮುಗಿದ ಈ ವಿಷಯ ಬಂದಾಗ ಗುರುವಯ್ಯ ನನ್ನ ಮುಖ ನೋಡುವುದಿಲ್ಲ, ನಾನೂ ಅವನದನ್ನು ನೋಡುವುದಿಲ್ಲ.

ಜೀಪು ಅಂಗಳದಲ್ಲೇ ನಿಂತಿದೆ. ಗಾಳಿ ಇಳಿದು ಟೈರುಗಳು ಚಪ್ಪಟೆಯಾಗಿವೆ, ತುಂಬಿಸಿಕೊಡು ಎಂದು ಅವನು ಕೇಳಿಲ್ಲ. ಸಂಜೆಯಾದರೆ ಜವರಮ್ಮ ಕೈಯಿಂದ ತಡವುತ್ತ ಬಂದು ಮುಂದಿನ ಸೀಟಿನಲ್ಲಿ, ಈಗ ಬೆನ್ನು ಪೂರ್ತಿ ಒರಗಿಸಿ ಕೂರುತ್ತಾಳೆ. ಅವನು ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕೂರುತ್ತಾನೆ.

ಮೊನ್ನೆ ನಾನು ಹೋದಾಗಲೂ ಹಾಗೇ ಕೂತಿದ್ದರು. "ಬೆಂಕಿಬಾಯಿ ಹೇಳಿ" ಎಂದು ಅವಳು ಕೇಳುತ್ತಿದ್ದಳು. "ಸುಳ್ಳು ಅಂತ ಗೊತ್ತು ನಂಗೆ. ಆದ್ರೂ ಹೇಳಿ. ಕೂತು ಕೂತು ಎಂತ ಮಾಡೋದು?"

ಗುರುವಯ್ಯ ಬಾಯಿ ತೆರೆದ. ಗುಡ್ಡದ ತುದೀಲಿ ಹಂಡೆ ಬಾಯಷ್ಟು ದೊಡ್ಡ ಸೀಳು ಎಂದ. ಅಲ್ಲಿಗೇ ನಿಂತ. ಮತ್ತೆ ಮೊದಲಿನಿಂದ ಹೇಳಲು ನೋಡಿದ. "ಬರ್ತಿಲ್ಲ ಕಣೆ. ಹೇಳೋಕೆ ಹೋದ್ರೆ ಆ ಟವರೇ ಕಣ್ಣೆದುರಿಗೆ ಬರ್ತದೆ" ಎಂದ.

ಅವಳು ನನ್ನ ಹೆಜ್ಜೆ ಸಪ್ಪಳ ಗುರುತಿಸಿದಳು. "ದೇವೇಂದ್ರಣ್ಣ, ಬಂದ್ಯಾ? ನೀನಾದ್ರೂ ಹೇಳು. ನೀನೂ ಜಗಲೀಲಿ ಕೂತು ಕೇಳಿದೀಯಲ್ಲ, ಹಬೆ ಹೇಗೆ ಏಳ್ತಿತ್ತು?"

ನನಗೆ ಕತೆ ಪೂರ್ತಿ ನೆನಪಿದೆ. ಆದರೆ ಆ ಗುಡ್ಡವನ್ನು ನಾನೂ ನೋಡಿದ್ದೆ. ಅಂಗಡಿಯಲ್ಲಿ ಗಿರಾಕಿ ಕಾಯ್ತಿದಾರೆ ಎಂದು ಸುಳ್ಳು ಹೇಳಿ ಹೊರಟು ಬಂದೆ.